ತಿಂಗಳ ಹಬ್ಬ ಮತ್ತು ಮಕ್ಕಳ ಪುಸ್ತಕ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ‘ಹಿಸ್ಪಾನಿಕ್ ಪರಂಪರೆಯ ಮಾಸ’ವನ್ನು ಆಚರಿಸುತ್ತಾರೆ. ಸ್ಪ್ಯಾನಿಷ್ ಮನೆಮಾತಿನ ಪರಂಪರೆಯಿಂದ ಬಂದ ಜನರ ಗೌರವಾರ್ಥ 1968ರಲ್ಲಿ ಒಂದು ವಾರದ ಆಚರಣೆಯಾಗಿ ಮೊದಲಾದ ಇದು 1988ರಲ್ಲಿ ತಿಂಗಳಿಗೆ ವಿಸ್ತಾರಗೊಂಡಿತು. ಆ ದಿನಗಳಲ್ಲಿ ಶಾಲೆಗಳೂ ಗ್ರಂಥಾಲಯಗಳೂ ಆ ಜನರ ಬದುಕನ್ನು ಚಿತ್ರಿಸುವ ಮಕ್ಕಳ ಪುಸ್ತಕಗಳನ್ನು ಮುಂಬಾಗಿಲಲ್ಲೇ ಜೋಡಿಸಿಡುತ್ತವೆ.

ಗಡಿನಾಡ ಕನ್ನಡಿಗರ ಸಂಚಿಕೆಯಲ್ಲಿ ಈ ಮಾತೇಕೆ ಎಂದು ಹುಬ್ಬೇರಿಸುವವರು 1848ನೆಯ ಇಸವಿಯನ್ನು ನೆನೆಯಬೇಕು. ಯುದ್ಧದಲ್ಲಿ ಸೋತ ಮೆಕ್ಸಿಕೋ ಆ ವರ್ಷದ ಒಪ್ಪಂದದಂತೆ ಕ್ಯಾಲಿಫೋರ್ನಿಯ, ನ್ಯೂ ಮೆಕ್ಸಿಕೋ ಮೊದಲಾದ ಪ್ರದೇಶಗಳನ್ನು ಬಿಟ್ಟುಕೊಟ್ಟಿತು. ಅಲ್ಲಿಯ ಸ್ಪ್ಯಾನಿಷ್ ಭಾಷಿಕರು ಮನೆ ಬಿಟ್ಟು ಕದಲಿರಲಿಲ್ಲ. ಗಡಿಯೇ ಅವರ ಅಂಗಳವನ್ನು ದಾಟಿ ಹೋಯಿತು. 1956ರ ನವೆಂಬರ್ 1ರಂದು ಕಾಸರಗೋಡಿನ ನಮಗಾದುದೂ ಇಂಥದೇ. ಅಲ್ಲಿ ಬದಲಾದದ್ದು ದೇಶ, ಇಲ್ಲಿ ರಾಜ್ಯ. ಅಂತರ ದೊಡ್ಡದೆಂಬುದನ್ನು ಬಲ್ಲೆವು. ಆದರೆ ಮನೆಯಲ್ಲೊಂದು ಭಾಷೆ, ಹೊರಗಿನ ಫಲಕದಲ್ಲಿ ಇನ್ನೊಂದು ಭಾಷೆ ಕಾಣುವ ಮಗುವಿನ ಪಾಡು ಎರಡೂ ಕಡೆ ಒಂದೇ.

ಆ ತಿಂಗಳ ಆಚರಣೆಯನ್ನು ಇಲ್ಲಿಯೂ ಅನುಕರಿಸೋಣವೆಂದು ಸೂಚಿಸುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅಲ್ಲಿ ಅನುಕರಣೀಯವಾದುದು ಬೇರೆಯೇ ಇದೆ. ಅದು ಆ ಆಚರಣೆಗಿಂತ ಅರ್ಧ ಶತಮಾನದಷ್ಟು ಹಳೆಯದು.

1921ರಲ್ಲಿ ಪೂರಾ ಬೆಲ್‌ಪ್ರೆ ಎಂಬ ಯುವತಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹಾರ್ಲೆಮ್ ಶಾಖೆಯಲ್ಲಿ ಕೆಲಸಕ್ಕೆ ಸೇರಿದರು. 1898ರಲ್ಲಿ ಸ್ಪೇನಿನ ಕೈತಪ್ಪಿ ಅಮೆರಿಕದ ಆಳ್ವಿಕೆಗೆ ಒಳಗಾದ ಪ್ಯೂರ್ಟೊ ರಿಕೊ ದ್ವೀಪದವರು ಆಕೆ. ಕಪಾಟುಗಳನ್ನು ಹುಡುಕಿದರೆ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಆಕೆ ಮನವಿಪತ್ರ ಬರೆದು ಕುಳಿತವರಲ್ಲ. ಸ್ಪ್ಯಾನಿಷಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕಥೆ ಹೇಳತೊಡಗಿದರು, ಬೊಂಬೆಗಳನ್ನು ಕುಣಿಸಿದರು, ಜನವರಿ 6ರ ಮೂವರು ರಾಜರ ಹಬ್ಬವನ್ನು ಗ್ರಂಥಾಲಯದೊಳಗೇ ಆಚರಿಸಿದರು. ಗ್ರಂಥಾಲಯ ತಮಗಲ್ಲವೆಂದು ದೂರ ನಿಂತ ತಾಯಂದಿರು ಮಕ್ಕಳ ಕೈಹಿಡಿದು ಒಳಬಂದರು. ಮಾರ್ಟೀನಾ ಎಂಬ ಜಿರಳೆ ಕನ್ಯೆ ಪೆರೆಸ್ ಎಂಬ ಇಲಿಯನ್ನು ವರಿಸುವ ಅಜ್ಜಿಯ ಕಥೆ 1932ರಲ್ಲಿ ಆಕೆಯಿಂದಲೇ ಪುಸ್ತಕವಾಯಿತು. (ಗುಬ್ಬಚ್ಚಿ-ಕಾಗಕ್ಕರ ಕಥೆ ಕೇಳಿ ಬೆಳೆದ ನಮಗೆ ಈ ಮದುವೆ ವಿಚಿತ್ರವಾಗಿ ತೋರದು.) ಇಂದು ಲ್ಯಾಟಿನೋ ಮಕ್ಕಳ ಸಾಹಿತಿಗಳಿಗೂ ಚಿತ್ರಕಾರರಿಗೂ ಕೊಡುವ, 1996ರಲ್ಲಿ ಸ್ಥಾಪಿತವಾದ ಪ್ರಶಸ್ತಿಗೆ ಆಕೆಯ ಹೆಸರಿದೆ.

ಇನ್ನು ಆ ತಿಂಗಳ ಹಬ್ಬದ ಕಥೆ. 1998ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಶಾಲೆಗಳಲ್ಲಿ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯತಕ್ಕದ್ದೆಂಬ ಕಾನೂನನ್ನು ಅಂಗೀಕರಿಸಿದರು. ಅದು ರದ್ದಾಗಲು 2016 ಬರಬೇಕಾಯಿತು. ನಡುವಿನ 18 ವರ್ಷಗಳಲ್ಲಿಯೂ ಸೆಪ್ಟೆಂಬರ್ ತಪ್ಪದೆ ಬಂತು, ಹಬ್ಬವೂ ತಪ್ಪಲಿಲ್ಲ. ತರಗತಿಯಲ್ಲಿ ಮಗುವಿನ ಭಾಷೆಯ ಬಾಯಿಗೆ ಕೈಯಡ್ಡ ಹಿಡಿದು, ಪಡಸಾಲೆಯಲ್ಲಿ ಅದಕ್ಕೆ ಹೂಮಾಲೆ ಹಾಕುವುದನ್ನು ಗೌರವವೆನ್ನಲು ನಮ್ಮಿಂದಾಗದು. ಹಬ್ಬಕ್ಕೆಂದೇ ಹುಟ್ಟುವ ಪುಸ್ತಕಗಳೂ ಇವೆ: ಅಗಲ ಟೊಪ್ಪಿ, ಕುಣಿತ, ತಿಂಡಿಗಳ ಚಿತ್ರ, ಇಂಗ್ಲಿಷ್ ವಾಕ್ಯಗಳ ನಡುವೆ ಉದುರಿಸಿದ ನಾಲ್ಕು ಸ್ಪ್ಯಾನಿಷ್ ಪದ. ಇದಕ್ಕೆ ಪ್ರತಿಯಾಗಿ ಪ್ಯಾಟ್ ಮೋರಾ ಬರೆದ ‘ಟೊಮಾಸ್ ಅಂಡ್ ದ ಲೈಬ್ರರಿ ಲೇಡಿ’ಯನ್ನು ನೋಡಬೇಕು. ಹೊಲದ ಕೂಲಿಗಾಗಿ ಊರೂರು ಅಲೆಯುವ ಸಂಸಾರದ ಹುಡುಗನಿಗೆ ಗ್ರಂಥಪಾಲಕಿಯೊಬ್ಬಳು ಪುಸ್ತಕ ಕೊಡುವ ಕಥೆ ಅದು. ಆ ಹುಡುಗನೇ ಮುಂದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಕುಲಪತಿಯಾದ ಟೊಮಾಸ್ ರಿವೇರಾ.

ಈಗ ನಮ್ಮ ಅಂಗಳಕ್ಕೆ ಬರೋಣ. ನವೆಂಬರಿನಲ್ಲಿ ಮಕ್ಕಳಿಗೆ ಪೇಟ ಸುತ್ತಿ, ಕೆಂಪು-ಹಳದಿ ಶಲ್ಯ ಹೊದಿಸಿ ವೇದಿಕೆಗೆ ಹತ್ತಿಸುತ್ತೇವೆ. ಹಾರ, ಶಾಲು, ಸ್ಮರಣಿಕೆಗಳಿಗೆ ಕೊರತೆಯಿಲ್ಲ. ಆ ಮಗುವಿನ ಮನೆಯಲ್ಲಿ ಪಠ್ಯದ ಹೊರತಾದ ಒಂದಾದರೂ ಕನ್ನಡ ಪುಸ್ತಕವುಂಟೇ ಎಂದು ಕೇಳುವವರಿಲ್ಲ. ಮಕ್ಕಳು ಓದುವುದಿಲ್ಲವೆಂಬ ದೂರು ಮಾತ್ರ ಎಲ್ಲರ ಬಾಯಲ್ಲಿದೆ. ದೂರುವವರ ಸಾಲಿನಲ್ಲಿ ನಾವೂ ನಿಂತಿದ್ದೆವು. ಮುಖ್ಯೋಪಾಧ್ಯಾಯರಾಗಿದ್ದಾಗ ಶಾಲೆಯ ಪುಸ್ತಕದ ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಮೇಜಿನೊಳಗಿಟ್ಟುಕೊಂಡವರು ನಾವೇ. ಪುಸ್ತಕ ಹರಿದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಹೇಳಬೇಕೆಂಬ ಅಂಜಿಕೆ. ನಿವೃತ್ತರಾಗುವಾಗ ಒಂದೂ ಹರಿಯದ ಪುಸ್ತಕಗಳನ್ನು ಎಣಿಸಿ ಒಪ್ಪಿಸಿದೆವು. ಅಂದು ಅದು ಹೆಮ್ಮೆಯೆನಿಸಿತ್ತು.

ಬೆಂಗಳೂರಿನಿಂದ ತರಿಸಿದರಾಯಿತಲ್ಲ ಎನ್ನುವವರಿಗೆ ಬೆಲ್‌ಪ್ರೆಯ ಖಾಲಿ ಕಪಾಟೇ ಉತ್ತರ. ತರಿಸೋಣ, ಬೇಡವೆನ್ನುವುದಿಲ್ಲ. ಆದರೆ ನಮ್ಮ ಮಗು ಗುಡ್ಡದ ಮಗ್ಗುಲಿಗೆ ಕೊರೆದ ಸುರಂಗದಿಂದ ಹರಿದುಬರುವ ನೀರನ್ನು ಕುಡಿದು ಬೆಳೆದದ್ದು. ಅದು ಅಜ್ಜಿಯೊಡನೆ ತುಳು, ಗೆಳೆಯನೊಡನೆ ಮಲಯಾಳ, ತರಗತಿಯಲ್ಲಿ ಕನ್ನಡ ಆಡುತ್ತದೆ. ಆ ಸುರಂಗ, ಚಂದ್ರಗಿರಿ ಹೊಳೆ, ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ, ಮೂರು ಭಾಷೆಗಳ ಆ ನಾಲಗೆ ಬಣ್ಣದ ಚಿತ್ರಗಳೊಡನೆ ಪುಸ್ತಕವಾಗಬೇಕಾದರೆ ಬರೆಯಬೇಕಾದವರು ಇಲ್ಲಿಯವರೇ.

ಆದುದರಿಂದ ಸಂಘದ ಮುಂದೆ ನಮ್ಮ ಕೇಳಿಕೆ ಇಷ್ಟು: ಮುಂದಿನ ಸಮ್ಮೇಳನದಲ್ಲಿ ಶಾಲು, ಸ್ಮರಣಿಕೆಗಳ ವೆಚ್ಚವನ್ನು ಪೂರ್ತಿಯಾಗಿ ಇಂಥದೊಂದು ಪುಸ್ತಕಕ್ಕೆ ತಿರುಗಿಸತಕ್ಕದ್ದು. ಸದಸ್ಯರ ಮನೆಗಳ ಅಜ್ಜ-ಅಜ್ಜಿಯರಿಂದ ಕಥೆಗಳನ್ನು ಬರೆದುಕೊಳ್ಳುವ ಕೆಲಸ ಈ ಸಮ್ಮೇಳನದ ಮರುದಿನವೇ ಆರಂಭವಾಗಲಿ. ಲೇಖನಿ ಹಿಡಿಯಲು ನಾವು ಸಿದ್ಧರಿದ್ದೇವೆ. ಸನ್ಮಾನಿತರ ಪಟ್ಟಿಯಲ್ಲಿ ನಮ್ಮ ಹೆಸರಿದ್ದರೆ ಅದನ್ನು ಮೊದಲು ಹೊಡೆದುಹಾಕಬಹುದು.