ಜಯಂತಿ ಫ್ಲೆಕ್ಸಿನ ದುಡ್ಡಲ್ಲಿ ಒಂದು ಚಿತ್ರ ಕೊಳ್ಳೋಣ



ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆ ಒಳ್ಳೇದೇ. ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರೇ ಕೂತು ಮಾರ್ತಾರೆ, ಜನ ಮುಗಿಬೀಳ್ತಾರೆ. ಆದರೆ ಅದು ವರ್ಷಕ್ಕೊಂದು ಭಾನುವಾರ. ಉಳಿದ ದಿನ ಮಾಗಡಿ, ಕನಕಪುರದ ಕೇರಿ ಹುಡುಗ ತನ್ನ ಚಿತ್ರ ಎಲ್ಲಿ ಮಾರಬೇಕು? 2025ರಲ್ಲಿ ರಾಮನಗರ ಜಿಲ್ಲೆ ಹೆಸರು ‘ಬೆಂಗಳೂರು ದಕ್ಷಿಣ’ ಆಯ್ತು. ಹೆಸರು ಹತ್ತಿರ ಬಂತು, ಗ್ಯಾಲರಿ ಬಾಗಿಲು ಬರಲಿಲ್ಲ.

ಚನ್ನಪಟ್ಟಣದ ಗೊಂಬೆಗಾದ್ರೆ ಜಿಐ ಟ್ಯಾಗ್ ಇದೆ, ರಸ್ತೆ ಪಕ್ಕ ಅಂಗಡಿಗಳಿವೆ (ಎಕ್ಸ್‌ಪ್ರೆಸ್‌ವೇ ಬಂದ್ಮೇಲೆ ಅವಕ್ಕೂ ಪೆಟ್ಟು ಬಿತ್ತು, ಆ ಮಾತು ಬೇರೆ). ಒಂಟಿಯಾಗಿ ಕ್ಯಾನ್ವಾಸ್ ಹಿಡಿದವನಿಗೆ ಬಣ್ಣ, ಫ್ರೇಮು, ಬಸ್ ಚಾರ್ಜು ಎಲ್ಲಾ ಕೈಯಿಂದಲೇ.

ಸರ್ಕಾರಾನ ಕೇಳೋದು ಇದ್ದೇ ಇದೆ. ನಾವೇನು ಮಾಡ್ತಿದ್ದೀವಿ? ಏಪ್ರಿಲ್ 14ಕ್ಕೆ ಬಾಬಾಸಾಹೇಬರನ್ನ ಗೋಡೆ ಮೇಲೆ, ಬಟ್ಟೆ ಮೇಲೆ ಬರೀತಿದ್ದೋರು ನಮ್ಮೋರೇ. ಫ್ಲೆಕ್ಸ್ ಬಂದು ಆ ಬ್ರಷ್ ಕಿತ್ಕೊಳ್ತು. ಈಗ ಅದರಲ್ಲಿ ಬಾಬಾಸಾಹೇಬರಿಗಿಂತ ಲೀಡರುಗಳ ಮುಖಾನೇ ದೊಡ್ಡದು!

ಮುಂದಿನ ಜಯಂತಿಗೆ ಐದೂ ತಾಲೂಕಲ್ಲಿ ವೇದಿಕೆ ಪಕ್ಕ ನಾಲ್ಕು ಮೇಜು ಹಾಕಿ, ನಮ್ಮ ಕಲಾವಿದರನ್ನ ಕೂರಿಸಿ. ಅತಿಥಿಗೆ ಹಾರ, ಶಾಲು ಬೇಡ, ಅಲ್ಲೇ ಒಂದು ಚಿತ್ರ ಕೊಂಡು ಕೊಡಿ. ಹೇಳಿದ ರೇಟು ಕೊಡಿ. ‘ನಮ್ ಹುಡುಗ ತಾನೇ’ ಅಂತ ಪುಕ್ಕಟೆ ಮಾತ್ರ ಕೇಳ್ಬೇಡಿ.