ಹತ್ತಿದ ಏರೆಲ್ಲ ಎಲ್ಲಿಗೆ ಹೋಯಿತು?

ದಸರಾ ರಜೆ ಹತ್ತಿರವಾಯಿತೆಂದರೆ ನನಗೆ ಎರಡು ಬಗೆಯ ಅಹವಾಲುಗಳು ಬರುತ್ತವೆ. ಒಂದು ಹುಡುಗರದು: "ಸಾರ್, ಸಾಗರದಿಂದ ತೀರ್ಥಹಳ್ಳಿವರೆಗೆ ಸೈಕಲ್ಲಲ್ಲಿ ಹೋಗ್ಬೇಕು ಅಂತಿದೀವಿ, ಮನೇಲಿ ನೀವೊಂದು ಮಾತು ಹೇಳಿ." ಇನ್ನೊಂದು ಅವರ ಅಪ್ಪಂದಿರದು: "ಮೇಷ್ಟ್ರೇ, ಗೇರ್ ಸೈಕಲ್ಲೇ ಬೇಕಂತೆ, ಇಲ್ದಿದ್ರೆ ಏರು ಹತ್ತೋಕಾಗಲ್ವಂತೆ. ಅಷ್ಟು ದುಡ್ಡು ಹಾಕ್ಬೇಕಾ?" ಇಬ್ಬರಿಗೂ ನಾನು ಹೇಳುವುದು ಒಂದೇ: ಮೊದಲು ಈಗಿರುವ ಸೈಕಲ್ಲಿನ ಬ್ರೇಕು ತೋರಿಸಿ. ಗೇರಿನ ಮಾತು ಆಮೇಲೆ ಆಡೋಣ.

ಕಾರಣ ಹೇಳುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ಪೇಟೆಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ಸುಮಾರು 600 ಮೀಟರಿನ ಆಸುಪಾಸು. ಭೂಪಟದ ಮೇಲೆ ಸ್ಕೇಲಿಟ್ಟು ನೇರಗೆರೆಯಲ್ಲಿ ಅಳೆದರೆ ಸಾಗರದಿಂದ ಹೊಸನಗರಕ್ಕೆ 28 ಕಿಲೋಮೀಟರ್, ಅಲ್ಲಿಂದ ತೀರ್ಥಹಳ್ಳಿಗೆ 31 ಕಿಲೋಮೀಟರ್ ಬರುತ್ತದೆ. ರಸ್ತೆಯಂತೂ ಇದಕ್ಕಿಂತ ಉದ್ದ. ಈಗ ಒಂಬತ್ತನೆಯ ತರಗತಿಯ ಪಾಠ ನೆನಪಿಸಿಕೊಳ್ಳಿ. ಗುರುತ್ವದ ವಿರುದ್ಧ ಮಾಡಿದ ಕೆಲಸ ಎತ್ತರದ ವ್ಯತ್ಯಾಸವನ್ನಷ್ಟೇ ಅವಲಂಬಿಸುತ್ತದೆ. ಹೊರಟ ಊರೂ ಮುಟ್ಟಿದ ಊರೂ ಒಂದೇ ಎತ್ತರದಲ್ಲಿದ್ದರೆ ಆ ಕೆಲಸ ಸೊನ್ನೆ! ಆದರೆ ಈ ದಾರಿಯಲ್ಲಿ ಸೈಕಲ್ ತುಳಿದವನ ತೊಡೆಯನ್ನು ಕೇಳಿ ನೋಡಿ, ಲೆಕ್ಕ ಬೇರೆಯೇ ಹೇಳುತ್ತದೆ.

ನಮ್ಮ ನೆಲದ ರಚನೆಯೇ ಹಾಗೆ. ಜಂಬಿಟ್ಟಿಗೆಯ ದಿಬ್ಬಗಳನ್ನು ಸಾವಿರಾರು ಹಳ್ಳಗಳು ಕೊರೆದಿವೆ. ಹಳ್ಳದ ತಳದಲ್ಲಿ ಅಡಿಕೆ ತೋಟ, ಅದರ ಮೇಲೆ ಗದ್ದೆ, ಅದಕ್ಕೂ ಮೇಲೆ ಸೊಪ್ಪಿನಬೆಟ್ಟ. ರಸ್ತೆ ಬೆಟ್ಟದಿಂದ ತೋಟಕ್ಕೆ ಇಳಿಯುತ್ತದೆ, ಮೋರಿ ದಾಟುತ್ತದೆ, ಮತ್ತೆ ಏರುತ್ತದೆ. ನೀರು ಹರಿಯುವ ದಿಕ್ಕೂ ಇಲ್ಲಿ ಒಂದೇ ಅಲ್ಲ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆ ತುಂಗಭದ್ರೆಯನ್ನು ಸೇರಿ ಬಂಗಾಳ ಕೊಲ್ಲಿಯ ಕಡೆ ಹೋಗುತ್ತಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರದ ಸೀಮೆಯನ್ನು ಹಾದು ಅರಬ್ಬೀ ಸಮುದ್ರಕ್ಕೆ. ತೀರ್ಥಹಳ್ಳಿಯ ತುಂಗೆ ಮತ್ತೆ ಪೂರ್ವಕ್ಕೆ. ಹಾಗಾಗಿ ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಸೈಕಲ್ ಸವಾರ ಒಂದೇ ಪ್ರಯಾಣದಲ್ಲಿ ಎರಡು ಸಲ ಜಲವಿಭಾಜಕ ದಾಟುತ್ತಾನೆ. ಭೂಗೋಳದ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬರುವ ಈ ಪದ ಕಾಲಿಗೆ ತಿಳಿಯುವುದು ಇಲ್ಲಿ.

ಒಂದು ಕಣಿವೆಯನ್ನು ತೆಗೆದುಕೊಳ್ಳೋಣ. ಆಳ 40 ಮೀಟರ್ ಎಂದಿಟ್ಟುಕೊಳ್ಳಿ. ಹುಡುಗನ ತೂಕ 60 ಕಿಲೋ, ಸೈಕಲ್ಲಿನದು 20, ಒಟ್ಟು 80 ಕಿಲೋ. ಗುರುತ್ವವೇಗೋತ್ಕರ್ಷ ಸುಲಭಕ್ಕೆ 10 ಎಂದು ಹಿಡಿದರೆ, ದಿಬ್ಬದ ತುದಿಯಲ್ಲಿ ಅವನ ಖಾತೆಯಲ್ಲಿ 80 x 10 x 40, ಅಂದರೆ 32,000 ಜೂಲ್ ಜಮೆ ಇದೆ. ತಳದ ಮೋರಿಯ ಹತ್ತಿರ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾನೆ ಅನ್ನಿ, ಸೆಕೆಂಡಿಗೆ 10 ಮೀಟರ್. ಆಗ ಅವನ ಚಲನಶಕ್ತಿ 4,000 ಜೂಲ್ ಮಾತ್ರ. ಆ ಓಟದಲ್ಲಿ ತುಳಿಯದೆ ಎದುರಿನ ಏರನ್ನು ಹತ್ತಿದರೆ ಹೆಚ್ಚೆಂದರೆ 5 ಮೀಟರ್ ಎತ್ತರ. ಉಳಿದ 35 ಮೀಟರನ್ನು ಸ್ವಂತ ಕಾಲಿನಿಂದಲೇ ತುಂಬಬೇಕು. ನಲವತ್ತು ಇಳಿದದ್ದಕ್ಕೆ ಸಿಕ್ಕ ಮರುಪಾವತಿ ಬರೀ ಐದು!

ಮಿಕ್ಕ 28,000 ಜೂಲ್ ಎಲ್ಲಿ ಹೋಯಿತು? ಒಂದಷ್ಟು ಗಾಳಿಯನ್ನು ಸೀಳುವುದಕ್ಕೆ, ಒಂದಷ್ಟು ಟೈರಿನ ಉಜ್ಜಾಟಕ್ಕೆ, ಉಳಿದದ್ದು ಬ್ರೇಕಿನ ರಬ್ಬರು ಮತ್ತು ರಿಮ್ಮಿನ ನಡುವೆ ಶಾಖವಾಗಿ. ಲಿಂಗನಮಕ್ಕಿಯ ನೀರು ಇಳಿಯುವಾಗ ಅದರ ಎತ್ತರವನ್ನು ನಾವು ವಿದ್ಯುತ್ತಾಗಿ ವಸೂಲು ಮಾಡುತ್ತೇವೆ. ನಮ್ಮ ಸಾದಾ ಸೈಕಲ್ಲಿಗೆ ಅಂಥ ಏರ್ಪಾಡಿಲ್ಲ, ಇಳಿದದ್ದೆಲ್ಲ ಬಿಸಿಯಾಗಿ ಆರಿಹೋಗುತ್ತದೆ. ಎಷ್ಟು ಬಿಸಿ ಎಂದರೆ, ನಮ್ಮ ಹುಡುಗ 100 ಮೀಟರ್ ಎತ್ತರವನ್ನು ಪೂರ್ತಿ ಬ್ರೇಕು ಹಿಡಿದೇ ಇಳಿದರೆ 80,000 ಜೂಲ್ ಹೊರಬರುತ್ತದೆ. ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಒಂದು ದೊಡ್ಡ ಲೋಟ ಚಹಾ ಅನ್ನಿ.

ಗುಡ್ಡಗಾಡಿನ ಸೈಕಲ್ ಎಂದು ಈಗ ಅಂಗಡಿಯಲ್ಲಿ ಮಾರುವ ವಾಹನದ ಚರಿತ್ರೆಯಲ್ಲೂ ಈ ಶಾಖ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುವ ಪಂದ್ಯ ಕಟ್ಟಿದರು. ಆ ಸೈಕಲ್‌ಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು, ಅದು ಹಿಂದಿನ ಚಕ್ರದ ನಡುಗುಂಬದೊಳಗೆ ಇರುತ್ತಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೇ 'ರೀಪ್ಯಾಕ್' ಎಂದು ಹೆಸರು ಬಿತ್ತು. ಗೇರು, ಗಟ್ಟಿ ಬ್ರೇಕು, ಗಟ್ಟಿ ಫ್ರೇಮು ಎಲ್ಲವನ್ನೂ ಒಟ್ಟುಗೂಡಿಸಿದ ಸೈಕಲ್ ಹುಟ್ಟಿದ್ದು ಇಂಥ ಒದ್ದಾಟದಿಂದ.

ನಮ್ಮ ಮಲೆನಾಡಿನಲ್ಲಿ ಶಾಖಕ್ಕಿಂತ ದೊಡ್ಡ ಶತ್ರು ನೀರು. ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಹುಲಿಕಲ್ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಹಿಡಿಯುವುದೇ ಇಲ್ಲ ಎನ್ನುವಷ್ಟು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮು ಸ್ವಲ್ಪ ವಾಸಿ. ಡಿಸ್ಕ್ ಬ್ರೇಕಿನ ತಟ್ಟೆ ರಸ್ತೆಯ ಕೆಸರಿನಿಂದ ಮೇಲಿರುವುದರಿಂದ ಇನ್ನೂ ವಾಸಿ. ದುಡ್ಡು ಹಾಕುವುದೇ ಆದರೆ ಗೇರಿನ ಸಂಖ್ಯೆ ನೋಡಿ ಮರುಳಾಗದೆ ಇದಕ್ಕೆ ಹಾಕಿ ಎಂದು ಅಪ್ಪಂದಿರಿಗೆ ನನ್ನ ಸಲಹೆ. ಇಪ್ಪತ್ತೊಂದು ಗೇರು ಎಂದು ಸ್ಟಿಕ್ಕರ್ ಅಂಟಿಸಿದ ಸೈಕಲ್ಲಿನ ಬ್ರೇಕ್ ವೈರು ಜುಟ್ಟಿನಂತೆ ಬಿಚ್ಚಿಕೊಂಡಿದ್ದನ್ನು ನಾನು ಶಾಲೆಯ ಅಂಗಳದಲ್ಲೇ ಎಷ್ಟೋ ಸಲ ಕಂಡಿದ್ದೇನೆ.

ಪರೀಕ್ಷೆ ಸುಲಭ, ಅಮ್ಮಂದಿರೂ ಅಂಗಳದಲ್ಲಿ ಮಾಡಬಹುದು. ಸೈಕಲ್ ಪಕ್ಕ ನಿಂತು ಮುಂದಿನ ಬ್ರೇಕನ್ನು ಬಿಗಿಹಿಡಿದು ಮುಂದಕ್ಕೆ ನೂಕಿ. ಹಿಂದಿನ ಚಕ್ರ ಮೇಲೇಳಬೇಕು. ಹಿಂದಿನ ಬ್ರೇಕು ಹಿಡಿದು ನೂಕಿದರೆ ಆ ಚಕ್ರ ಉರುಳದೆ ಜಾರಬೇಕು. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬಂದರೆ ವೈರು ಸಡಿಲ. ರಬ್ಬರಿನ ಗೀರುಗಳು ಸವೆದಿದ್ದರೆ ಬದಲಿಸಿ, ಅದೇನು ದೊಡ್ಡ ಖರ್ಚಲ್ಲ. ಮಳೆಯಲ್ಲಿ ಇಳಿಯುವಾಗ ತಿರುವು ಬರುವ ಮೊದಲೇ ಎರಡೂ ಬ್ರೇಕನ್ನು ಹಗುರವಾಗಿ ಹಿಡಿದು ಬಿಟ್ಟು ಮಾಡಿದರೆ ರಬ್ಬರು ರಿಮ್ಮಿನ ನೀರನ್ನು ಒರೆಸಿಹಾಕುತ್ತದೆ. ಬರೀ ಮುಂದಿನದನ್ನು ಗಕ್ಕನೆ ಹಿಡಿದರೆ ಸವಾರ ಹ್ಯಾಂಡಲ್ಲಿನ ಮೇಲೆ ಹಾರುತ್ತಾನೆ. ಬರೀ ಹಿಂದಿನದನ್ನು ಹಿಡಿದರೆ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕು. ಇನ್ನೊಂದು: ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು, ಅದೇ ಬ್ರೇಕಿನಲ್ಲಿ ನಿಲ್ಲುವ ದೂರವೂ ನಾಲ್ಕರಷ್ಟು. ಎದುರಿಗೆ ಬಸ್ಸು ಬರುವ ತಿರುವಿನಲ್ಲಿ ಈ ವರ್ಗದ ನಿಯಮ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇದು ರಜೆಯ ಮೋಜಿನ ಮಾತಷ್ಟೇ ಅಲ್ಲ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನಮ್ಮ ಕಡೆಯ ಒಂಟಿಮನೆಗಳ ಹೆಣ್ಣುಮಕ್ಕಳಿಗೆ ಅದು ಹೈಸ್ಕೂಲಿನ ಬಾಗಿಲಾಯಿತು. ಬಸ್ಸಿಲ್ಲದ ದಾರಿಯಲ್ಲಿ ಅಪ್ಪನನ್ನೋ ಅಣ್ಣನನ್ನೋ ಕಾಯಬೇಕಾಗಿದ್ದ ಹುಡುಗಿಯರು ತಾವೇ ಬಂದರು. ಕೋವಿಡ್ ಬಂದ ವರ್ಷ ಆ ವಿತರಣೆ ನಿಂತುಹೋಯಿತು. ಆ ಸೈಕಲ್‌ಗಳಲ್ಲಿ ಎಷ್ಟೋ ಈಗಲೂ ತಂಗಿಯಂದಿರ ಕೈಯಲ್ಲಿ ಓಡುತ್ತಿವೆ, ಸವೆದ ರಬ್ಬರಿನೊಂದಿಗೆ. ಪ್ರವಾಸಕ್ಕೆ ಬೇಡವೆಂದರೂ ಆ ಸೈಕಲ್ಲಿಗೆ ಈ ಪರೀಕ್ಷೆ ಇವತ್ತೇ ಆಗಲಿ.

ಇನ್ನು ಗೇರು. ಸಾದಾ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತದೆ. ಗೇರ್ ಸೈಕಲ್ಲಿನಲ್ಲಿ ಮುಂದೆ 28, ಹಿಂದೆಯೂ 28 ಹಲ್ಲಿಗೆ ಚೈನು ಹಾಕಿದರೆ 2.1 ಮೀಟರ್ ಮಾತ್ರ. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಮೊದಲನೆಯವನು ಪೆಡಲಿಗೆ ಸರಾಸರಿ 20 ಕಿಲೋ ಭಾರದಷ್ಟು ಒತ್ತಬೇಕು, ಎರಡನೆಯವನು 8 ಕಿಲೋ. ಇಬ್ಬರೂ ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲನೆಯವನ ಸಾಮರ್ಥ್ಯ 216 ವಾಟ್, ಎರಡನೆಯವನದು 84. ಹಳೆಯ ಸೀಲಿಂಗ್ ಫ್ಯಾನು ಉಣ್ಣುವುದು ಸುಮಾರು 75 ವಾಟ್. ಒಂದು ಫ್ಯಾನನ್ನು ಗಂಟೆಗಟ್ಟಲೆ ತಿರುಗಿಸುವ ಶಕ್ತಿ ಸಾಧಾರಣ ಮನುಷ್ಯನಿಗೆ ಉಂಟು, ಮೂರನ್ನು ತಿರುಗಿಸಹೋದರೆ ಏದುಸಿರು. ಆದರೆ ತುದಿ ಮುಟ್ಟಿದಾಗ ಇಬ್ಬರೂ ಗುರುತ್ವಕ್ಕೆ ತೆತ್ತ ಜೂಲ್ ಒಂದೇ. 100 ಮೀಟರ್ ಏರಿಗೆ, ನಮ್ಮ ಸ್ನಾಯುಗಳು ಊಟದ ಶಕ್ತಿಯಲ್ಲಿ ಐದನೇ ಒಂದಕ್ಕಿಂತ ತುಸು ಹೆಚ್ಚನ್ನಷ್ಟೇ ಕೆಲಸಕ್ಕೆ ಹಚ್ಚುತ್ತವೆ ಎಂದು ಹಿಡಿದರೆ, ಹೆಚ್ಚುಕಡಿಮೆ ಒಂದು ಬಾಳೆಹಣ್ಣು ಖರ್ಚು. ಗೇರಿದ್ದವನಿಗೂ ಅದೇ ಬಾಳೆಹಣ್ಣು. ಅವನು ನಿಧಾನವಾಗಿ ತಿನ್ನುತ್ತಾನೆ, ಅಷ್ಟೆ. ಗೇರಿಲ್ಲದವನು ಇಳಿದು ನೂಕಿಕೊಂಡು ಹೋದರೆ ಅದೂ ಒಂದು ಗೇರೇ. ಅದರಲ್ಲಿ ನಾಚಿಕೆಯೇನಿಲ್ಲ.

ಹೇರೆತ್ತು ಹೊಡೆಯುತ್ತಿದ್ದ ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಎತ್ತಿಗೆ ಗೇರು ಹಾಕಲಾಗದು, ಆದ್ದರಿಂದ ದಾರಿಗೇ ಗೇರು ಹಾಕಿದರು. ಘಟ್ಟದ ಹಾದಿ ಬಳಸಿ ಬಳಸಿ ಏರುವುದು ಅದಕ್ಕೇ: ದೂರ ಹೆಚ್ಚು, ಎಳೆತ ಕಡಿಮೆ. ಕೆಳದಿಯ ನಾಯಕರ ರಾಜಧಾನಿ ಸರಿದ ಬಗೆಯನ್ನು ಸೈಕಲ್ ದಾರಿಯಲ್ಲಿ ನೋಡಿದರೆ ಇತಿಹಾಸ ಇನ್ನಷ್ಟು ತಿಳಿಯಾಗುತ್ತದೆ. ಸಾಗರದ ಮಗ್ಗುಲಿನ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 1639ರ ಸುಮಾರಿಗೆ ಬಿದನೂರಿಗೆ. ಕರಾವಳಿಗೆ ಇಳಿಯುವ ಹೊಸಂಗಡಿ ಘಟ್ಟದ ನೆತ್ತಿಯ ಬಳಿ ಇದ್ದ ಊರು ಅದು. ಮೆಣಸು, ಅಕ್ಕಿ ಇಳಿಯುವುದೂ ಉಪ್ಪು ಏರುವುದೂ ಅಂಥ ದಾರಿಗಳಲ್ಲೇ. ಸುಂಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದ. ಇಂದಿನ ನಗರ ಅದೇ.

ಹೋಗುವುದೇ ಆದರೆ ಮೂರು ದಿನ ಇಟ್ಟುಕೊಳ್ಳಿ, ಮಳೆ ಪೂರ್ತಿ ಹಿಂದೆ ಸರಿದ ಮೇಲೆ. ಮೊದಲ ದಿನ ಇಕ್ಕೇರಿಯ ಅಘೋರೇಶ್ವರನನ್ನು ನೋಡಿಕೊಂಡು ಹೊಸನಗರ. ಎರಡನೆಯ ದಿನ ನಗರದ ಕೋಟೆ ಮತ್ತು ದೇವಗಂಗೆಯ ಕೊಳಗಳು. ಮೂರನೆಯ ದಿನ ಕವಲೇದುರ್ಗ ಮತ್ತು ತೀರ್ಥಹಳ್ಳಿ. ಕವಲೇದುರ್ಗದಲ್ಲಿ ಸೈಕಲ್ಲನ್ನು ಕೆಳಗೇ ಬಿಟ್ಟು ಗದ್ದೆಯ ಬದಿಯಿಂದ ಕಲ್ಲುದಾರಿ ಹತ್ತಬೇಕು. ಮೂವರಿಗೆ ಕಡಿಮೆ ಹೋಗಬೇಡಿ, ಮಬ್ಬಾಗುವ ಮೊದಲು ಊರು ಸೇರಿ. ಪಂಕ್ಚರ್ ಸಾಮಾನು, ಪಂಪು, ಎರಡು ಜೊತೆ ಬ್ರೇಕ್ ರಬ್ಬರು ಚೀಲದಲ್ಲಿರಲಿ. ದಾರಿಗೆ ಸೇರದಿದ್ದರೂ ಸಾಗರದವರು ಇನ್ನೊಂದು ದಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಗೆ ಹೋಗಿಬರಬಹುದು. 2025ರ ಜುಲೈವರೆಗೆ ಲಾಂಚಿನಲ್ಲಿ ದಾಟುತ್ತಿದ್ದ ಹಿನ್ನೀರಿನ ಮೇಲೆ ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ದೊಡ್ಡ ಏರಿಲ್ಲ, ಎದುರುಗಾಳಿ ಮಾತ್ರ ಉಂಟು. ಗಾಳಿಯೂ ಒಂದು ಗುಡ್ಡವೇ ಎಂಬುದು ಅಲ್ಲಿ ತಿಳಿಯುತ್ತದೆ.

ಅಷ್ಟರೊಳಗೆ ಒಂದು ಕೆಲಸ. ನಿಮ್ಮ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಹಲ್ಲುಗಳನ್ನು ಎಣಿಸಿ. ಸೀಮೆಸುಣ್ಣದಿಂದ ಟೈರಿಗೆ ಗುರುತು ಹಾಕಿ, ಚಕ್ರವನ್ನು ಒಂದು ಸುತ್ತು ನೆಲದ ಮೇಲೆ ಉರುಳಿಸಿ ಅಳೆಯಿರಿ. ಪೆಡಲಿನ ಒಂದು ಸುತ್ತಿಗೆ ಎಷ್ಟು ಮೀಟರ್ ಬಂತು? ನಿಮ್ಮ ಮನೆಯಿಂದ ಶಾಲೆಗೆ ಎಷ್ಟು ಸುತ್ತು? ಲೆಕ್ಕ ಹಾಕಿ, ಮರುದಿನ ತುಳಿಯುತ್ತಾ ಎಣಿಸಿ ನೋಡಿ. ಎರಡೂ ತಾಳೆಯಾಗುವುದಿಲ್ಲ, ಎಣಿಕೆ ಕಡಿಮೆ ಬರುತ್ತದೆ. ಏಕೆಂದು ಫ್ರೀವೀಲಿನ 'ಟಿಕ್ ಟಿಕ್' ಸದ್ದನ್ನು ಕೇಳಿ.