ಜಿಮೇಲ್‌ನ 15 ಜಿಬಿ ಉಚಿತ ಜಾಗ ಬರೀ ಇಮೇಲ್‌ಗಲ್ಲ

“ನಿಮ್ಮ ಜಿಮೇಲ್ ಭರ್ತಿಯಾಗಿದೆ. 24 ಗಂಟೆಯೊಳಗೆ ಈ ಲಿಂಕ್ ಒತ್ತದಿದ್ದರೆ ಖಾತೆ ಡಿಲೀಟ್ ಆಗುತ್ತದೆ.” ಈ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಜಿಮೇಲ್ ಭರ್ತಿಯಾಗುವುದು ನಿಜ. 24 ಗಂಟೆಯ ಗಡುವು ಮಾತ್ರ ಪಾಸ್‌ವರ್ಡ್ ಕದಿಯುವವರು ಹೂಡುವ ಬಲೆ. ಗೂಗಲ್‌ನ ನಿಯಮದ ಪ್ರಕಾರ, ಮಿತಿ ಮೀರಿ 2 ವರ್ಷ ಹಾಗೇ ಬಿಟ್ಟರೆ ಖಾತೆಯಲ್ಲಿರುವುದನ್ನು ಅಳಿಸಬಹುದು.

2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗ ಉಚಿತ ಎಂದಾಗ ಅನೇಕರು ಏಪ್ರಿಲ್ ಫೂಲ್ ತಮಾಷೆ ಎಂದುಕೊಂಡಿದ್ದರು. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು ಬರೀ 2 ಎಂಬಿ! ಈಗ 15 ಜಿಬಿ ಸಿಗುತ್ತದೆ. ಒಂದು ಮೇಲ್‌ಗೆ 75 ಕೆಬಿ ಎಂದು ಲೆಕ್ಕ ಹಿಡಿದರೂ 2 ಲಕ್ಷ ಮೇಲ್ ಹಿಡಿಸಬೇಕು. ಹಾಗಾದರೆ ದಿನಕ್ಕೆ ನಾಲ್ಕು ಮೇಲ್ ಬರುವವರ ಖಾತೆಯೂ ತುಂಬುವುದೇಕೆ?

ಏಕೆಂದರೆ 2013ರಿಂದ ಈ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಒಂದೇ ಟ್ಯಾಂಕಿನ ನೀರು ಮೂರು ಮನೆಗೆ ಹೋದಂತೆ. 2021ರ ಜೂನ್‌ವರೆಗೆ ‘ಹೈ ಕ್ವಾಲಿಟಿ’ಯಲ್ಲಿ ಉಳಿಸಿದ ಫೋಟೋಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಆಮೇಲೆ ಉಳಿಸಿದವು ಬರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ. ಅಂದರೆ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಹೂಗಳು, ಫಾರ್ವರ್ಡ್ ವಿಡಿಯೋಗಳು ನಿಮ್ಮ ಇಮೇಲ್‌ನ ಜಾಗವನ್ನೇ ತಿನ್ನುತ್ತಿರಬಹುದು.

ಪೂರ್ತಿ ತುಂಬಿದರೆ ಮೇಲ್ ಕಳಿಸಲೂ ಆಗದು, ಬರುವುದೂ ಇಲ್ಲ. ಕಳಿಸಿದವರಿಗೆ ಅದು ವಾಪಸ್ ಹೋಗುತ್ತದೆ. ಹಾಲ್ ಟಿಕೆಟ್ ಅಥವಾ ಇಂಟರ್‌ವ್ಯೂ ಪತ್ರಕ್ಕೆ ಕಾಯುತ್ತಿರುವವರಿಗೆ ಇದು ಸಣ್ಣ ವಿಷಯವಲ್ಲ.

ಎಷ್ಟು ತುಂಬಿದೆ ಎಂದು ನೋಡಲು ಯಾವ ಲಿಂಕೂ ಬೇಡ. ಜಿಮೇಲ್ ಆ್ಯಪ್ ತೆರೆದು, ಮೇಲೆ ಬಲಗಡೆಯ ನಿಮ್ಮ ಚಿತ್ರವನ್ನು ಒತ್ತಿದರೆ ಸಾಕು. ಖಾಲಿ ಮಾಡುವಾಗ ಸಣ್ಣ ಸಣ್ಣ ಮೇಲ್‌ಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರಬೇಡಿ, ನಮ್ಮ ಪ್ರಕಾರ ಅದು ಬರೀ ಬೆರಳು ನೋವಿನ ಕೆಲಸ. ಮೊದಲು ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ. ಆಮೇಲೆ ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳತ್ತ ನೋಡಿ. ಅಳಿಸಿದ ಮೇಲ್ 30 ದಿನ ಬಿನ್‌ನಲ್ಲಿ ಇದ್ದು, ಅಲ್ಲಿಯವರೆಗೂ ಜಾಗ ಹಿಡಿದಿರುತ್ತದೆ. ಹಾಗಾಗಿ ಬಿನ್ ಕೂಡ ಖಾಲಿ ಮಾಡಿ. ಫೋಟೋಗಳ ವಿಷಯದಲ್ಲಿ ಮಾತ್ರ ಆತುರ ಬೇಡ: ಬ್ಯಾಕಪ್ ಆದ ಚಿತ್ರವನ್ನು ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಬೇಕಾದದ್ದನ್ನು ಮೊದಲೇ ಪೆನ್‌ಡ್ರೈವ್‌ಗೋ ಕಂಪ್ಯೂಟರ್‌ಗೋ ಕಾಪಿ ಮಾಡಿಕೊಳ್ಳಿ.